ಒಂದೇ ಹಸಿರು ಬಾಗಿಲು, ಒಳಗೆ ಐದು ಜಾಗ: ವಾಟ್ಸ್ಆ್ಯಪ್‌ನಲ್ಲಿ ನಾವೀಗ ನಿಂತಿರುವುದು ಎಲ್ಲಿ?

2025ರ ಡಿಸೆಂಬರ್ ಹತ್ತಿರ ಬಂದಾಗ ಒಂದು ಸುದ್ದಿ ಫೋನಿನಿಂದ ಫೋನಿಗೆ ಹರಿದಾಡಿತು. ಡಿಸೆಂಬರ್ 16ರಿಂದ ವಾಟ್ಸ್ಆ್ಯಪ್‌ನ ಒಡೆಯ ಮೆಟಾ ಕಂಪನಿ ನಮ್ಮ ಖಾಸಗಿ ಮೆಸೇಜುಗಳನ್ನೆಲ್ಲ ಓದಲು ಶುರುಮಾಡುತ್ತದೆ ಎಂಬುದು ಅದರ ಸಾರಾಂಶ. ಅದು ನಿಜವಲ್ಲ. ಆದರೆ ಪೂರ್ತಿ ಗಾಳಿಸುದ್ದಿಯೂ ಅಲ್ಲ. ಆ ದಿನದಿಂದ ಒಂದು ಬದಲಾವಣೆ ಜಾರಿಗೆ ಬಂದದ್ದು ಹೌದು. ಕೇಳಿದ್ದಕ್ಕೆ ಉತ್ತರ ಕೊಡುವ ತನ್ನ ಕಂಪ್ಯೂಟರ್ ಸಹಾಯಕ ಮೆಟಾ ಎಐ ಜೊತೆ ಜನ ಆಡುವ ಮಾತುಗಳನ್ನು ಜಾಹೀರಾತು ಆರಿಸಲು ಬಳಸುತ್ತೇವೆ ಎಂದು ಕಂಪನಿ ಅಕ್ಟೋಬರ್‌ನಲ್ಲೇ ಹೇಳಿತ್ತು. ಮೆಟಾ ಎಐ ಅಂದರೆ ಏನು, ಖಾಸಗಿ ಮೆಸೇಜು ಅಂದರೆ ಯಾವುದು ಎಂಬ ವ್ಯತ್ಯಾಸ ಗೊತ್ತಿದ್ದವರಿಗೆ ಇದು ಒಂದು ಸುದ್ದಿ. ಗೊತ್ತಿಲ್ಲದವರಿಗೆ ಬೇರೆಯದೇ ಸುದ್ದಿ.

ಗೊತ್ತಿಲ್ಲದವರೇ ಜಾಸ್ತಿ. ಇದರಲ್ಲಿ ಅವರ ತಪ್ಪೇನೂ ಇಲ್ಲ. 2024ರ ಜೂನ್‌ನಲ್ಲಿ ಭಾರತದ ವಾಟ್ಸ್ಆ್ಯಪ್‌ನಲ್ಲಿ ಮೆಟಾ ಎಐ ತೆರೆಯುವ ಒಂದು ನೀಲಿ ಉಂಗುರ ಕಾಣಿಸಿಕೊಂಡಿತು. ಅದು ಯಾರೂ ಕೇಳಿದ್ದಲ್ಲ. 2025ರ ಜೂನ್‌ನಲ್ಲಿ ಸ್ಟೇಟಸ್‌ಗಳ ನಡುವೆ ಜಾಹೀರಾತು ತರುತ್ತೇವೆ ಎಂಬ ಘೋಷಣೆ ಬಂತು. ಅದಕ್ಕೂ ಮೊದಲು ಚಾನೆಲ್ ಬಂದಿತ್ತು, ಕಮ್ಯುನಿಟಿ ಬಂದಿತ್ತು. ಪ್ರತಿ ಸಲವೂ ಜನ ಕೇಳುವುದು ಒಂದೇ ಪ್ರಶ್ನೆ: ನಾವು ಬರೆದದ್ದನ್ನು ಯಾರಾದರೂ ಓದುತ್ತಾರಾ?

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಈಗ ಸಾಲದು. ವಾಟ್ಸ್ಆ್ಯಪ್ ಇವತ್ತು ಒಂದು ಜಾಗವಾಗಿ ಉಳಿದಿಲ್ಲ. ಹಸಿರು ಬಾಗಿಲು ಒಂದೇ. ಆದರೆ ಒಳಗೆ ಬೇರೆ ಬೇರೆ ಕೋಣೆಗಳಿವೆ, ಒಂದೊಂದು ಕೋಣೆಗೂ ಒಂದೊಂದು ನಿಯಮ. ಯಾವ ಕೋಣೆಯಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಗೊಂದಲದ ಮೂಲ ಇಲ್ಲೇ ಇದೆ. ಕೋಣೆಗಳ ಹೆಸರು ನೋಡಿದರೆ ಒಳಗಿನ ನಿಯಮ ತಿಳಿಯುವುದಿಲ್ಲ.

ಮೊದಲು ಇದ್ದದ್ದು ಒಂದೇ ಕೆಲಸ

ಯಾಹೂ ಕಂಪನಿ ಬಿಟ್ಟು ಬಂದಿದ್ದ ಜಾನ್ ಕೌಮ್ ಮತ್ತು ಬ್ರಿಯಾನ್ ಆ್ಯಕ್ಟನ್ 2009ರಲ್ಲಿ ವಾಟ್ಸ್ಆ್ಯಪ್ ಕಟ್ಟಿದರು. ಆಗ ಅದರ ಕೆಲಸ ಇನ್ನೂ ಚಿಕ್ಕದು. ಫೋನಿನಲ್ಲಿರುವ ಹೆಸರುಗಳ ಪಕ್ಕ ಆಯಾ ವ್ಯಕ್ತಿ ಈಗ ಏನು ಮಾಡುತ್ತಿದ್ದಾರೆ ಎಂದು ತೋರಿಸುವುದು. ಬ್ಯಾಟರಿ ಮುಗೀತಾ ಇದೆ, ಕೆಲಸದಲ್ಲಿದ್ದೇನೆ, ಅಷ್ಟೇ. ಇದಕ್ಕೆ ಅವರು ಸ್ಟೇಟಸ್ ಎಂದರು. ಜನ ಅದನ್ನೇ ಮಾತಾಡಿಕೊಳ್ಳಲು ಬಳಸತೊಡಗಿದಾಗ ಅದು ಮೆಸೇಜಿನ ಆ್ಯಪ್ ಆಯಿತು.

ಹಲವು ದೇಶಗಳಲ್ಲಿ ವರ್ಷಕ್ಕೆ ಸುಮಾರು ಒಂದು ಡಾಲರ್ ಶುಲ್ಕ ಇತ್ತು. ಜಾಹೀರಾತು ಬೇಡ, ಆಟ ಬೇಡ, ಗಿಮಿಕ್ ಬೇಡ ಎಂದು ಆ್ಯಕ್ಟನ್ ಬರೆದುಕೊಟ್ಟ ಚೀಟಿಯನ್ನು ಕೌಮ್ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಜನರಿಂದ ಹಣ ಪಡೆದರೆ ಜನರಿಗಾಗಿ ಕೆಲಸ ಮಾಡಬಹುದು ಎಂಬ ಸರಳ ಲೆಕ್ಕ ಅದು.

2014ರಲ್ಲಿ ಫೇಸ್‌ಬುಕ್ ಕಂಪನಿ (ಅದೇ ಈಗಿನ ಮೆಟಾ) ಇದನ್ನು ಕೊಳ್ಳುವುದಾಗಿ ಘೋಷಿಸಿತು. ಬೆಲೆ 19 ಬಿಲಿಯನ್ ಡಾಲರ್. 2016ರ ಜನವರಿಯಲ್ಲಿ ಆ ಒಂದು ಡಾಲರ್ ಶುಲ್ಕವೂ ಹೋಯಿತು. ಬಳಸುವವರಿಗೆ ಇದು ಖುಷಿಯ ಸುದ್ದಿ. ಆದರೆ ಇಷ್ಟು ದುಡ್ಡು ಸುರಿದು ಕೊಂಡ ಕಂಪನಿ ಅದನ್ನು ಎಲ್ಲಿಂದಾದರೂ ತೆಗೆಯಲೇಬೇಕಲ್ವಾ? ಬಳಸುವವರಿಂದ ಅಲ್ಲ ಎಂದಾದರೆ ಉಳಿಯುವುದು ಎರಡು ದಾರಿ. ಜನರನ್ನು ತಲುಪಬೇಕು ಎನ್ನುವ ವ್ಯಾಪಾರಿಗಳಿಂದ, ಇಲ್ಲವೇ ಜಾಹೀರಾತಿನಿಂದ. 2017ರಲ್ಲಿ ಆ್ಯಕ್ಟನ್, 2018ರಲ್ಲಿ ಕೌಮ್ ಹೊರನಡೆದರು. 2018ರಲ್ಲೇ ವ್ಯಾಪಾರಿಗಳಿಗಾಗಿ ವಾಟ್ಸ್ಆ್ಯಪ್ ಬಿಸಿನೆಸ್ ಬಂತು. ಅದಾದ ಮೇಲೆ ಸೇರಿದ ಒಂದೊಂದು ಗುಂಡಿಯ ಹಿಂದೆಯೂ ಈ ಎರಡು ದಾರಿಗಳಲ್ಲಿ ಒಂದನ್ನು ಹುಡುಕಬಹುದು.

ಐದು ಜಾಗಗಳು

ನಮ್ಮೂರಿನ ಲೆಕ್ಕದಲ್ಲಿ ಹೇಳಿದರೆ ಇದು ಸುಲಭ. ಒಳಮನೆಯ ಮಾತು, ಜಗಲಿಯ ಮಾತು, ಡಂಗುರ, ಅಂಗಡಿಯ ಮಾತು ಎಂದು ನಮಗೆ ಮೊದಲಿಂದ ಗೊತ್ತು. ಎಲ್ಲಿ ಏನು ಮಾತಾಡಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಗೋಡೆ ಕಾಣುತ್ತದೆ, ದಾರಿಹೋಕರು ಕಾಣುತ್ತಾರೆ. ಫೋನಿನಲ್ಲಿ ಗೋಡೆ ಕಾಣುವುದಿಲ್ಲ, ಅದೇ ತೊಂದರೆ.

ಒಬ್ಬರಿಗೊಬ್ಬರು ಕಳಿಸುವ ಮೆಸೇಜು, ಕರೆ, ಕುಟುಂಬದ ಗ್ರೂಪು, ಇವು ಒಳಮನೆ. 2016ರ ಏಪ್ರಿಲ್‌ನಿಂದ ಇವೆಲ್ಲ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಅಡಿ ಬಂದಿವೆ. ಈ ಪದವನ್ನು ಚಾಟ್ ತೆರೆದಾಗ ಎಲ್ಲರೂ ನೋಡಿರುತ್ತಾರೆ, ಓದಿ ಮುಂದೆ ಹೋಗಿರುತ್ತಾರೆ. ಅರ್ಥ ಇಷ್ಟೇ: ನೀವು ಬರೆದದ್ದು ನಿಮ್ಮ ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೊರಡುತ್ತದೆ, ಅದರ ಕೀಲಿ ಪಡೆಯುವವರ ಫೋನಿನಲ್ಲಿ ಮಾತ್ರ ಇರುತ್ತದೆ. ನಡುವೆ ಸಾಗಿಸುವ ಕಂಪನಿಗೂ ಒಳಗೆ ಏನಿದೆ ಎಂದು ಕಾಣುವುದಿಲ್ಲ.

ಆದರೆ ಈ ಬೀಗಕ್ಕೆ ಮಿತಿಗಳಿವೆ. ಯಾರು, ಯಾರಿಗೆ, ಯಾವಾಗ, ಎಷ್ಟು ಸಲ ಕಳಿಸಿದರು ಎಂಬುದು ಬೀಗದ ಹೊರಗೇ ಉಳಿಯುತ್ತದೆ. ಅಂಚೆ ಲಕೋಟೆಯ ಮೇಲಿನ ವಿಳಾಸದ ಹಾಗೆ. ಯಾರನ್ನಾದರೂ ನೀವು ರಿಪೋರ್ಟ್ ಮಾಡಿದರೆ ಅವರು ಕಳಿಸಿದ ಕೊನೆಯ ಐದು ಮೆಸೇಜು ಕಂಪನಿಗೆ ಹೋಗುತ್ತವೆ. ಗೂಗಲ್ ಡ್ರೈವ್‌ನಲ್ಲಿ ಇಡುವ ಬ್ಯಾಕಪ್‌ಗೆ ಈ ಬೀಗ ತಾನಾಗಿ ಬೀಳುವುದಿಲ್ಲ. 2021ರಿಂದ ಆ ಸೌಲಭ್ಯ ಇದೆ, ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಚಾಲೂ ಮಾಡಬೇಕು. ಒಳಮನೆಗೆ ಭದ್ರ ಬೀಗ ಹಾಕಿ ಅದರ ನಕಲು ಸಾಮಾನನ್ನು ಕೊಟ್ಟಿಗೆಯಲ್ಲಿ ಇಟ್ಟ ಹಾಗೆ ಇದು.

ಸ್ಟೇಟಸ್ ಅಂದರೆ ಜಗಲಿ. ನೀವು ಆರಿಸಿದ ಪರಿಚಯದವರು ಮಾತ್ರ ನೋಡುತ್ತಾರೆ, 24 ಗಂಟೆ ಕಳೆದರೆ ಅಳಿಸಿಹೋಗುತ್ತದೆ. ಇದಕ್ಕೂ ಬೀಗ ಇದೆ. ಹೊಸ ಜಾಹೀರಾತುಗಳು ಬರುವುದು ಇಲ್ಲೇ, ಒಬ್ಬರ ಸ್ಟೇಟಸ್ ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ. ನಿಮ್ಮ ಊರು, ಭಾಷೆ, ನೀವು ಹಿಂಬಾಲಿಸುವ ಚಾನೆಲ್, ಹಿಂದೆ ಯಾವ ಜಾಹೀರಾತು ಒತ್ತಿದ್ದಿರಿ ಎಂಬುದನ್ನು ನೋಡಿ ಜಾಹೀರಾತು ಆರಿಸುತ್ತೇವೆ, ಮೆಸೇಜಿನ ಒಳಗಿನದನ್ನು ನೋಡುವುದಿಲ್ಲ ಎಂದು ಕಂಪನಿ ಹೇಳಿದೆ.

ಚಾನೆಲ್ ಅನ್ನುವುದು ಡಂಗುರ. ಒಬ್ಬರು ಸಾರುತ್ತಾರೆ, ಉಳಿದವರು ಕೇಳುತ್ತಾರೆ. ಭಾರತಕ್ಕೆ ಇದು 2023ರ ಸೆಪ್ಟೆಂಬರ್‌ನಲ್ಲಿ ಬಂತು. ಇಲ್ಲಿ ಆ ಬೀಗ ಇಲ್ಲ, ಡಂಗುರಕ್ಕೆ ಬೀಗ ಬೇಕಾಗಿಯೂ ಇಲ್ಲ. ಹಿಂಬಾಲಿಸುವವರ ಫೋನ್ ನಂಬರ್ ಚಾನೆಲ್ ನಡೆಸುವವರಿಗೆ ಕಾಣುವುದಿಲ್ಲ ಎಂಬುದು ಸಮಾಧಾನದ ವಿಷಯ. ಚಾನೆಲ್ ಅನ್ನು ಬ್ರಾಡ್‌ಕಾಸ್ಟ್ ಲಿಸ್ಟ್ ಜೊತೆ ಕಲೆಸಿಕೊಳ್ಳುವವರು ಬಹಳ. ಬ್ರಾಡ್‌ಕಾಸ್ಟ್ ಅಂದರೆ ಒಂದೇ ಮಾತನ್ನು ನಿಮ್ಮ ಪರಿಚಯದವರಿಗೆ ಬೇರೆ ಬೇರೆಯಾಗಿ ಕಳಿಸುವುದು, ಮದುವೆ ಕರೆಯೋಲೆ ಹಂಚಿದ ಹಾಗೆ. ಕಮ್ಯುನಿಟಿ ಎಂದರೆ ಹಲವು ಗ್ರೂಪುಗಳನ್ನು ಒಂದು ಕಂತೆ ಕಟ್ಟಿದ್ದು. ಅಪಾರ್ಟ್‌ಮೆಂಟ್ ಸಂಘ, ಶಾಲೆಗಳಿಗೆ ಅದರ ಉಪಯೋಗ ಇದೆ, ಉಳಿದವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬ್ಯಾಂಕು, ಅಂಗಡಿ, ವಿಮಾ ಕಂಪನಿ ಜೊತೆಗಿನ ಮಾತು ಅಂಗಡಿಯ ಗಲ್ಲಾ ಮುಂದೆ ನಿಂತು ಆಡಿದ ಮಾತು. ಸಾಗುವಾಗ ಅದಕ್ಕೂ ಬೀಗ ಉಂಟು. ಆದರೆ ಅಂಗಡಿಯ ಒಳಗೆ ಹೋದ ಮೇಲೆ ಅಲ್ಲಿನ ಹತ್ತು ಜನ ಓದಬಹುದು, ಅವರು ನೇಮಿಸಿದ ಇನ್ನೊಂದು ಸಂಸ್ಥೆಯೂ ಓದಬಹುದು. ಕೆಲವು ವ್ಯಾಪಾರಿಗಳು ಈ ಕೆಲಸವನ್ನು ಮೆಟಾಗೇ ಒಪ್ಪಿಸಿರುತ್ತಾರೆ. ಚಾಟ್‌ನ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಆ ಮಾಹಿತಿ ಇರುತ್ತದೆ.

ಐದನೆಯದು ಆ ನೀಲಿ ಉಂಗುರ. ಹಳೆಯ ಹೋಲಿಕೆ ಇದಕ್ಕೆ ಸಿಗುವುದಿಲ್ಲ. ಮನೆಯೊಳಗೆ ಕಂಪನಿ ತನ್ನ ಒಬ್ಬ ಗುಮಾಸ್ತನನ್ನು ಕೂರಿಸಿದಂತೆ ಎನ್ನಬಹುದೇನೋ. ಅವನ ಜೊತೆ ನೀವು ಮಾತಾಡಿದರೆ ಆ ಮಾತು ಕಂಪನಿಗೆ ಹೋಗುತ್ತದೆ. ನೀವು ಮನೆಯವರ ಜೊತೆ ಮಾತಾಡಿದ್ದು ಅವನಿಗೆ ಕೇಳಿಸುವುದಿಲ್ಲ. ಗ್ರೂಪಿನಲ್ಲಿ ಯಾರಾದರೂ ಅವನ ಹೆಸರು ಹಿಡಿದು ಕರೆದರೆ ಕರೆದ ಆ ಮಾತು ಮಾತ್ರ ಅವನಿಗೆ ತಲುಪುತ್ತದೆ. ಡಿಸೆಂಬರ್ 16ರ ಬದಲಾವಣೆ ಈ ಗುಮಾಸ್ತನಿಗೆ ಸಂಬಂಧಿಸಿದ್ದು. ಅದರಲ್ಲೂ ವಾಟ್ಸ್ಆ್ಯಪ್ ಖಾತೆಯನ್ನು ಅಕೌಂಟ್ಸ್ ಸೆಂಟರ್ ಎಂಬಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜೊತೆ ಜೋಡಿಸಿಲ್ಲದಿದ್ದರೆ ಇಲ್ಲಿನ ಮಾತು ಆ ಆ್ಯಪ್‌ಗಳ ಜಾಹೀರಾತಿಗೆ ಬಳಕೆಯಾಗುವುದಿಲ್ಲ ಎಂಬುದು ಕಂಪನಿಯ ವಿವರಣೆ.

ಒಂದೇ ಗುರುತು, ಹಲವು ಅರ್ಥ

ಜಾಗಗಳ ಗೊಂದಲ ಸಾಲದು ಎಂಬಂತೆ ಗುರುತುಗಳೂ ಅರ್ಥ ಬದಲಿಸುತ್ತಾ ಬಂದಿವೆ. ನೀಲಿ ಟಿಕ್ ಅನ್ನೇ ತೆಗೆದುಕೊಳ್ಳಿ.

2014ರಿಂದ ವಾಟ್ಸ್ಆ್ಯಪ್‌ನಲ್ಲಿ ಎರಡು ನೀಲಿ ಟಿಕ್ ಎಂದರೆ ಆ ಕಡೆಯವರು ಮೆಸೇಜು ನೋಡಿದ್ದಾರೆ ಎಂದರ್ಥ. ಟ್ವಿಟರ್‌ನಲ್ಲಿ 2009ರಿಂದ ಹೆಸರಿನ ಪಕ್ಕದ ಟಿಕ್‌ಗೆ ಬೇರೆ ಅರ್ಥ. ಇವರು ನಿಜವಾಗಿಯೂ ಅವರೇ ಎಂದು ಕಂಪನಿ ಪರಿಶೀಲಿಸಿದೆ ಅಂತ. 2022ರ ಕೊನೆಗೆ ಅದೇ ಟಿಕ್ ತಿಂಗಳಿಗೆ ಇಷ್ಟು ಎಂದು ಹಣ ಕೊಟ್ಟವರಿಗೆ ಸಿಗತೊಡಗಿತು. ಭಾರತದಲ್ಲಿ 2023ರ ಫೆಬ್ರವರಿಯಲ್ಲಿ ಶುರುವಾದಾಗ ಮೊಬೈಲ್‌ನಲ್ಲಿ ಅದಕ್ಕೆ ತಿಂಗಳಿಗೆ 900 ರೂಪಾಯಿ. ಆ ಏಪ್ರಿಲ್‌ನಲ್ಲಿ ಹಳೆಯ ಉಚಿತ ಟಿಕ್‌ಗಳನ್ನು ತೆಗೆದುಹಾಕಿದರು. ಜುಲೈನಲ್ಲಿ ಟ್ವಿಟರ್ ಎಂಬ ಹೆಸರೂ ಹೋಗಿ ಎಕ್ಸ್ ಆಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲೂ ಅದೇ ವರ್ಷ ಜೂನ್‌ನಿಂದ ಭಾರತದಲ್ಲಿ ತಿಂಗಳಿಗೆ 699 ರೂಪಾಯಿಗೆ ನೀಲಿ ಟಿಕ್ ಸಿಗತೊಡಗಿತು. ಅಲ್ಲಿ ಸರ್ಕಾರಿ ಗುರುತಿನ ಚೀಟಿ ತೋರಿಸಬೇಕು. ಇಷ್ಟರ ಮೇಲೆ ವಾಟ್ಸ್ಆ್ಯಪ್‌ನಲ್ಲೇ ಪರಿಶೀಲಿತ ವ್ಯಾಪಾರಿಗಳ ಗುರುತು ಹಸಿರಿನಿಂದ ನೀಲಿಗೆ ತಿರುಗಿತು. ಹಾಗಾಗಿ ಈಗ ಒಂದೇ ಆ್ಯಪ್‌ನಲ್ಲಿ ನೀಲಿ ಟಿಕ್‌ಗೆ ಎರಡು ಅರ್ಥ!

ಇದರ ಪರಿಣಾಮ ಸಣ್ಣದಲ್ಲ. 2022ರ ನವೆಂಬರ್‌ನಲ್ಲಿ ಹಣ ಕೊಟ್ಟು ಪಡೆದ ನೀಲಿ ಟಿಕ್ ಇದ್ದ ಒಂದು ನಕಲಿ ಖಾತೆ, ಅಮೆರಿಕದ ಔಷಧ ಕಂಪನಿ ಇಲೈ ಲಿಲ್ಲಿಯ ಹೆಸರಿನಲ್ಲಿ ಇನ್ಸುಲಿನ್ ಇನ್ನು ಉಚಿತ ಎಂದು ಟ್ವೀಟ್ ಮಾಡಿತು. ಕಂಪನಿ ಕ್ಷಮೆ ಕೇಳಿ ಸ್ಪಷ್ಟನೆ ಕೊಡಬೇಕಾಯಿತು. ಮೋಸಹೋದವರು ದಡ್ಡರಲ್ಲ. ಹದಿಮೂರು ವರ್ಷ ಆ ಗುರುತಿಗೆ ಇದ್ದ ಅರ್ಥವನ್ನು ಅವರು ನಂಬಿದ್ದರು. ಅರ್ಥ ಬದಲಾದದ್ದು ರಾತ್ರೋರಾತ್ರಿ.

ಸ್ಟೇಟಸ್ ಎಂಬ ಪದಕ್ಕೂ ಇದೇ ಗತಿ ಆಯಿತು. 2017ರಲ್ಲಿ ವಾಟ್ಸ್ಆ್ಯಪ್ ಆ ಹೆಸರನ್ನು 24 ಗಂಟೆಯ ಫೋಟೊ, ವಿಡಿಯೊಗೆ ಕೊಟ್ಟುಬಿಟ್ಟಿತು. ಹೆಸರಿನ ಕೆಳಗಿನ ಒಂದು ಸಾಲಿನ ಹಳೆಯ ಸ್ಟೇಟಸ್‌ಗೆ ಬೇರೆ ಹೆಸರು ಬಂತು. ಇನ್‌ಸ್ಟಾಗ್ರಾಮ್‌ನಲ್ಲಿ ಇದೇ ವಸ್ತುವಿಗೆ ಸ್ಟೋರಿ ಎನ್ನುತ್ತಾರೆ. ವಸ್ತು ಒಂದೇ, ಅಂಗಡಿಗೊಂದು ಹೆಸರು. ಸಾಮಾನು ಹಳೆಯದು ಎಂದು ಗೊತ್ತಾಗದಂತೆ ಹೊಸ ಚೀಲದಲ್ಲಿ ಮಾರುವ ಪದ್ಧತಿ ಇದು, ಇದರಿಂದ ಹೊಸದಾಗಿ ಕಲಿಯುವವರಿಗೆ ಸುಮ್ನೆ ಹೊರೆ.

ಉಂಗುರ ಅಲ್ಲೇ ಏಕೆ ಕೂತಿದೆ

ಎಐ ಸಹಾಯಕ ಬೇಕಾದವರು ಬೇರೆ ಆ್ಯಪ್ ಹಾಕಿಕೊಳ್ಳಬಹುದಿತ್ತು. ಅದನ್ನು ವಾಟ್ಸ್ಆ್ಯಪ್‌ನೊಳಗೆ, ಅದೂ ಗೆಳೆಯರ ಹೆಸರು ಹುಡುಕುವ ಪಟ್ಟಿಯಲ್ಲೇ ಏಕೆ ಇಟ್ಟರು?

ಜನ ಈಗಾಗಲೇ ಇರುವುದು ಅಲ್ಲಿ ಎಂಬುದೇ ಕಾರಣ. ಭಾರತದಲ್ಲಿ ವಾಟ್ಸ್ಆ್ಯಪ್ ಬಳಸುವವರು 53 ಕೋಟಿ ಎಂದು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲೇ ಹೇಳಿತ್ತು. ಹೊಸ ಆ್ಯಪ್ ಒಂದನ್ನು ಇಷ್ಟು ಜನರ ಫೋನಿಗೆ ತಲುಪಿಸಲು ವರ್ಷಗಳು ಬೇಕು, ಹಣವೂ ಬೇಕು. ದಿನಕ್ಕೆ ಹತ್ತಾರು ಸಲ ತೆರೆಯುವ ಆ್ಯಪ್‌ನಲ್ಲಿ ಒಂದು ಉಂಗುರ ಇಟ್ಟರೆ ಬೆಳಗಾಗುವುದರೊಳಗೆ ತಲುಪಿಯಾಯಿತು. ಎಐ ಪೈಪೋಟಿಯಲ್ಲಿ ಎಷ್ಟು ಜನ ಬಳಸುತ್ತಾರೆ ಎಂಬ ಸಂಖ್ಯೆಗೆ ದೊಡ್ಡ ಬೆಲೆ ಇದೆ. ಮೆಟಾ ಎಐ ಅನ್ನು ತಿಂಗಳಿಗೆ ನೂರು ಕೋಟಿ ಜನ ಬಳಸುತ್ತಾರೆ ಎಂದು 2025ರ ಮೇ ತಿಂಗಳಲ್ಲಿ ಕಂಪನಿ ಹೇಳಿಕೊಂಡಿತು. ಅದಕ್ಕೂ ಮೊದಲೇ, ಅದನ್ನು ಅತಿ ಹೆಚ್ಚು ಬಳಸುವ ದೇಶ ಭಾರತ ಎಂದಿತ್ತು.

ಉಂಗುರವನ್ನು ತೆಗೆದುಹಾಕುವ ದಾರಿ ಮಾತ್ರ ಕೊಟ್ಟಿಲ್ಲ. ಸೇರಿಸುವಾಗ ನಮ್ಮನ್ನು ಕೇಳಲಿಲ್ಲ, ತೆಗೆಯಲು ನಮಗೆ ಬಿಡಲೂ ಇಲ್ಲ. ಉಳಿದ ಯಾವ ತಾಂತ್ರಿಕ ವಿವರಕ್ಕಿಂತಲೂ ಈ ಒಂದು ಸಂಗತಿ ಜನರಲ್ಲಿ ಅನುಮಾನ ಬಿತ್ತಿದೆ, ಅದು ಸಹಜವೇ.

ಯಾರ ವಾದ ಏನು

ಕಂಪನಿಯ ವಾದದಲ್ಲಿ ತಿರುಳಿಲ್ಲ ಎನ್ನಲಾಗದು. ಉಂಗುರ ಒತ್ತುವುದು ನಿಮ್ಮಿಷ್ಟ. ಚಾನೆಲ್, ಸ್ಟೇಟಸ್, ಜಾಹೀರಾತು ಎಲ್ಲ ಅಪ್‌ಡೇಟ್ಸ್ ಎಂಬ ಬೇರೆ ಪುಟದಲ್ಲಿವೆ, ಚಾಟ್ ಪುಟದಲ್ಲಿ ಜಾಹೀರಾತಿಲ್ಲ. ಉಚಿತವಾಗಿ ಕೊಡುವ ಸೇವೆಗೆ ಆದಾಯವೂ ಬೇಕು. ಮನೆಯಲ್ಲೇ ಕೇಕು, ಹಪ್ಪಳ, ಸೀರೆ ಮಾರುವ ಹೆಂಗಸರಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಒಂದು ಅಂಗಡಿಯನ್ನೇ ಕೊಟ್ಟಿದೆ, ಅದೂ ಬಾಡಿಗೆ ಇಲ್ಲದೆ. ಇದು ನಿಜ.

ಎದುರು ವಾದ ಬೇರೆ ಕಡೆಯಿಂದ ಬರುತ್ತದೆ. ಆಯ್ಕೆ ಇದೆ ಎನ್ನಬೇಕಾದರೆ ಬೇಡ ಎನ್ನುವ ದಾರಿಯೂ ಇರಬೇಕು. ಇದರ ದೊಡ್ಡ ಪರೀಕ್ಷೆ ನಡೆದದ್ದು 2021ರಲ್ಲಿ. ಆ ಜನವರಿಯಲ್ಲಿ ವಾಟ್ಸ್ಆ್ಯಪ್‌ನ ಹೊಸ ಖಾಸಗಿತನ ನೀತಿ ಬಂತು. ಒಪ್ಪಿ, ಇಲ್ಲವೇ ಆ್ಯಪ್ ಬಿಡಿ ಎಂಬ ಧಾಟಿ ಅದರದ್ದು. ಮಾರುಕಟ್ಟೆಯಲ್ಲಿ ದೊಡ್ಡ ಕಂಪನಿಗಳ ದಬ್ಬಾಳಿಕೆ ತಡೆಯುವ ಭಾರತೀಯ ಸ್ಪರ್ಧಾ ಆಯೋಗ ತನಿಖೆ ನಡೆಸಿ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಜಾಹೀರಾತಿಗಾಗಿ ಮೆಟಾದ ಬೇರೆ ಕಂಪನಿಗಳ ಜೊತೆ ಮಾಹಿತಿ ಹಂಚಿಕೊಳ್ಳಬಾರದೆಂದು ಐದು ವರ್ಷದ ನಿರ್ಬಂಧವನ್ನೂ ಹೇರಿತು. ಮೇಲ್ಮನವಿ ನ್ಯಾಯಮಂಡಳಿ 2025ರ ನವೆಂಬರ್‌ನಲ್ಲಿ ದಂಡವನ್ನು ಎತ್ತಿಹಿಡಿಯಿತು, ಐದು ವರ್ಷದ ನಿರ್ಬಂಧವನ್ನು ಕೈಬಿಟ್ಟಿತು. ನೀಲಿ ಉಂಗುರವನ್ನು ಹೀಗೆ ಮೊದಲೇ ಸೇರಿಸಿದ್ದು ಸರಿಯೇ ಎಂದು ಇಟಲಿಯ ಸ್ಪರ್ಧಾ ಪ್ರಾಧಿಕಾರವೂ 2025ರ ಜುಲೈನಲ್ಲಿ ತನಿಖೆ ಶುರುಮಾಡಿತು.

ಸರ್ಕಾರದ್ದು ಮೂರನೆಯ ನಿಲುವು. ಅದು ಬೀಗದ ಬಗ್ಗೆಯೇ ತಕರಾರು. ಒಂದು ಮೆಸೇಜನ್ನು ಮೊದಲು ಬರೆದವರು ಯಾರು ಎಂದು ಗುರುತಿಸಿಕೊಡಬೇಕು ಎನ್ನುತ್ತವೆ 2021ರ ಐಟಿ ನಿಯಮಗಳು. ಹಾಗೆ ಮಾಡಲು ಬೀಗ ಮುರಿಯಬೇಕು, ಮುರಿಯಲೇಬೇಕೆಂದರೆ ನಾವು ದೇಶ ಬಿಡಬೇಕಾಗುತ್ತದೆ ಎಂದು 2024ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ಪರ ವಕೀಲರು ದೆಹಲಿ ಹೈಕೋರ್ಟ್‌ನಲ್ಲಿ ಹೇಳಿದರು. ಇಲ್ಲಿ ವಿಚಿತ್ರ ಎಂದರೆ, ಬೀಗದ ವಿಷಯದಲ್ಲಿ ಕಂಪನಿ ಮತ್ತು ಖಾಸಗಿತನದ ಹೋರಾಟಗಾರರು ಒಂದೇ ಕಡೆ ಇದ್ದಾರೆ. ಜಾಹೀರಾತಿನ ವಿಷಯದಲ್ಲಿ ಎದುರುಬದುರು.

ತಿಳಿಯದ ಪದಗಳ ಬೆಲೆ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿ, ಹೈದರಾಬಾದ್‌ನಿಂದ ಬಂದಿದ್ದ ಯುವಕರ ಮೇಲೆ ಜನ ಮುಗಿಬಿದ್ದರು. ಒಬ್ಬ ಎಂಜಿನಿಯರ್ ಅಲ್ಲೇ ಜೀವ ಕಳೆದುಕೊಂಡರು. ಆ ವರ್ಷ ದೇಶದ ಹಲವೆಡೆ ಹೀಗೇ ಆಯಿತು. ಅದೇ ತಿಂಗಳು ವಾಟ್ಸ್ಆ್ಯಪ್ ಫಾರ್ವರ್ಡ್ ಆದ ಮೆಸೇಜಿನ ಮೇಲೆ ‘ಫಾರ್ವರ್ಡೆಡ್’ ಎಂಬ ಪದವನ್ನು ತೋರಿಸತೊಡಗಿತು, ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂಬ ಮಿತಿಯನ್ನೂ ತಂದಿತು.

ಈ ಬೂದು ಬಣ್ಣದ ಸಣ್ಣ ಪದ ಹೇಳುವುದು ಇದನ್ನು: ಕಳಿಸಿದವರು ಇದನ್ನು ಬರೆದಿಲ್ಲ. ಜೋಡಿ ಬಾಣದ ಗುರುತು ಇದ್ದರೆ, ನಿಮ್ಮನ್ನು ತಲುಪುವ ಮೊದಲು ಅದು ಕನಿಷ್ಠ ಐದು ಕೈ ದಾಟಿ ಬಂದಿದೆ. ಜೀವಗಳು ಹೋದ ಮೇಲೆ ಬಂದ ಗುರುತು ಇದು. ಆದರೂ ಅದರ ಅರ್ಥವನ್ನು ಎಷ್ಟು ಜನಕ್ಕೆ ಯಾರು ಹೇಳಿದ್ದಾರೆ? ಆ್ಯಪ್ ಹೇಳುವುದಿಲ್ಲ, ಟಿವಿ ಹೇಳುವುದು ಅಪರೂಪ. ಚಿಕ್ಕಪ್ಪ ಕಳಿಸಿದ್ದಾರೆ, ಹಾಗಾದರೆ ನಿಜವೇ ಇರಬೇಕು ಎಂದು ನಂಬುವುದು ನಮ್ಮ ಸಂಬಂಧಗಳ ರೀತಿ. ಅದನ್ನು ತಿದ್ದಲು ಒಂದು ಬೂದು ಪದ ಸಾಲದು.

ಗುರುತಿನ ಅರ್ಥ ಗಟ್ಟಿಯಾಗಿ ಗೊತ್ತಿಲ್ಲದಿದ್ದಾಗ ಹೊಸ ಗುರುತನ್ನು ಹುಟ್ಟಿಸುವುದೂ ಸುಲಭ. ಮೂರು ಟಿಕ್ ಬಂದರೆ ಸರ್ಕಾರ ನಿಮ್ಮ ಮೆಸೇಜು ನೋಡಿದೆ, ಕೆಂಪು ಟಿಕ್ ಬಂದರೆ ಕ್ರಮ ಕೈಗೊಂಡಿದೆ ಎಂಬ ಸುಳ್ಳು ವರ್ಷಗಟ್ಟಲೆ ಓಡಾಡಿತು. ಅದು ಸುಳ್ಳು ಎಂದು ಕೇಂದ್ರ ಸರ್ಕಾರದ ಸುದ್ದಿ ವಿಭಾಗವಾದ ಪಿಐಬಿಯ ಫ್ಯಾಕ್ಟ್ ಚೆಕ್ ಘಟಕವೇ ಹೇಳಬೇಕಾಯಿತು. ಡಿಸೆಂಬರ್ 16ರ ವದಂತಿ ಇದರದ್ದೇ ತಮ್ಮ. ಎಐ ಜೊತೆಗಿನ ಮಾತು ಮತ್ತು ಮನುಷ್ಯರ ಜೊತೆಗಿನ ಮಾತು ಎಂಬ ಗೆರೆ ಕಾಣದ ಕಡೆ ಭಯ ನುಗ್ಗಿತು.

ವಂಚಕರು ನುಗ್ಗುವುದೂ ಇದೇ ಬಿರುಕಿನಿಂದ. ಲಿಂಕ್ಡ್ ಡಿವೈಸಸ್ ಎಂಬ ಸೌಲಭ್ಯ ಇದೆ. ನಿಮ್ಮ ವಾಟ್ಸ್ಆ್ಯಪ್ ಅನ್ನು ಕಂಪ್ಯೂಟರಿನಲ್ಲೂ ತೆರೆಯಲು ಅದು ಬೇಕು. ಎಂಟು ಅಕ್ಷರ, ಅಂಕಿಗಳ ಕೋಡ್ ಒಂದನ್ನು ಫೋನಿನಲ್ಲಿ ಹಾಕಿದರೂ ಸಾಕು, ಜೋಡಣೆ ಆಗುತ್ತದೆ. ಬಹುಮಾನಕ್ಕೆ, ಕೆವೈಸಿಗೆ, ಮತದಾನಕ್ಕೆ ಎಂದು ನಂಬಿಸಿ ವಂಚಕರು ಆ ಕೋಡ್ ಹಾಕಿಸಿಬಿಟ್ಟರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಚಾಟ್ ತೆರೆದುಕೊಳ್ಳುತ್ತದೆ. ಅಲ್ಲಿ ಬೀಗ ಮುರಿದಿಲ್ಲ. ನಾವೇ ಕೀಲಿ ಕೊಟ್ಟಿದ್ದೇವೆ, ಅದು ಕೀಲಿ ಎಂದು ತಿಳಿಯದೆ. ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲ್ ಕೂಡ ಹಾಗೇ. ಎಪಿಕೆ ಎಂದರೆ ಫೋಟೊ ಅಲ್ಲ, ಒಂದು ಆ್ಯಪ್, ಒತ್ತಿ ಒಪ್ಪಿಗೆ ಕೊಟ್ಟರೆ ಫೋನಿನೊಳಗೆ ಕೂರುತ್ತದೆ ಎಂಬ ಒಂದು ಸಾಲಿನ ತಿಳಿವಳಿಕೆ ಇಲ್ಲದೆ ಎಷ್ಟೋ ಮನೆಗಳ ಉಳಿತಾಯ ಹೋಗಿದೆ. ಹಣ ಹೋದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ಬೇಗ ಕರೆದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಗುರುತಿಲ್ಲದ ಸಾಧನ ಇದ್ದರೆ ಲಾಗೌಟ್ ಮಾಡಲು ಅರ್ಧ ನಿಮಿಷ ಸಾಕು.

ಬಿಟ್ಟು ಹೋಗಬಹುದಲ್ವಾ?

ಇಷ್ಟವಿಲ್ಲದಿದ್ದರೆ ಬಿಡಿ ಎನ್ನುವುದು ಸುಲಭ. ಆದರೆ ಮಕ್ಕಳ ಶಾಲೆಯ ಸೂಚನೆ ಬರುವುದು ವಾಟ್ಸ್ಆ್ಯಪ್ ಗ್ರೂಪಿಗೆ. ನೀರು ಬರುವ ಸಮಯ, ಸ್ತ್ರೀಶಕ್ತಿ ಸಂಘದ ಸಭೆ, ಊರಿನ ಜಾತ್ರೆಯ ವಂತಿಗೆ ಎಲ್ಲ ಅಲ್ಲೇ. 2022ರ ರಾಜ್ಯೋತ್ಸವದ ದಿನದಿಂದ ನಮ್ಮ ಮೆಟ್ರೊ ಟಿಕೆಟನ್ನೂ ವಾಟ್ಸ್ಆ್ಯಪ್‌ನಲ್ಲಿ ಕೊಳ್ಳಬಹುದು. ಅಮೆರಿಕ, ಕೊಲ್ಲಿ ದೇಶಗಳಲ್ಲಿರುವ ಮಕ್ಕಳ ಮುಖ ನೋಡಲು ಊರಿನ ಹಿರಿಯರಿಗೆ ಇರುವ ದಾರಿಯೂ ಅದೇ. ಒಬ್ಬರೇ ಬಿಟ್ಟರೆ ಅವರು ಊರಿನಿಂದ ಹೊರಗೆ ಬಿದ್ದ ಹಾಗೆ. ಎಲ್ಲರೂ ಒಟ್ಟಿಗೆ ಬಿಡಬೇಕು, ಅದು ಆಗುವ ಮಾತಲ್ಲ.

ಬೆಂಗಳೂರಿನಲ್ಲೇ ಇದಕ್ಕೆ ಉದಾಹರಣೆ ಇದೆ. 2020ರಲ್ಲಿ ಹುಟ್ಟಿದ, ಟ್ವಿಟರ್‌ನಂಥ ಆ್ಯಪ್ ಕೂ, ಮೊದಲಿಂದಲೂ ಕನ್ನಡಕ್ಕೆ ಜಾಗ ಕೊಟ್ಟಿತ್ತು. 2024ರ ಜುಲೈನಲ್ಲಿ ಬಾಗಿಲು ಮುಚ್ಚಿತು. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಝೋಹೊ ಕಂಪನಿಯ ಅರಟ್ಟೈ ಎಂಬ ಮೆಸೇಜಿನ ಆ್ಯಪ್ ಅನ್ನು ಜನ ಮುಗಿಬಿದ್ದು ಹಾಕಿಕೊಂಡರು. ಆ ತಮಿಳು ಪದ ನಮ್ಮ ಹರಟೆಯೇ. ಆಗ ಅದರ ಕರೆಗಳಿಗೆ ಎಂಡ್-ಟು-ಎಂಡ್ ಬೀಗ ಇತ್ತು, ಸಾಮಾನ್ಯ ಚಾಟ್‌ಗೆ ಇರಲಿಲ್ಲ. ಏಕೆ ಇಲ್ಲ ಎಂದು ಬಳಕೆದಾರರು ಕೂಡಲೇ ಕೇಳಿದರು, ಕಂಪನಿ ಆ ಕೆಲಸಕ್ಕೆ ಕೈಹಾಕಿತು. ಗಮನಿಸಬೇಕಾದ್ದು ಇದು. ಐದು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಒಂದು ಕಠಿಣ ಪದವನ್ನು ಜನ ಕಲಿತಿದ್ದರು, ಅದನ್ನು ಹಿಡಿದು ಪ್ರಶ್ನೆ ಕೇಳಿದರು.

ಮುಂದೆ ಬರಲಿರುವುದು

ಸಂಸತ್ತು 2023ರಲ್ಲಿ ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಹದಿನೆಂಟು ತಿಂಗಳ ಗಡುವು ಇದೆ. ಅಂದರೆ 2027ರ ಮೇ. ನಮ್ಮ ಯಾವ ಮಾಹಿತಿಯನ್ನು ಏತಕ್ಕೆ ಪಡೆಯುತ್ತೇವೆ ಎಂದು ಕಂಪನಿ ಮೊದಲೇ ತಿಳಿಸಿ ಒಪ್ಪಿಗೆ ಕೇಳಬೇಕು. ಆ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಮಗೆ ಇರಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ಆ ಪಟ್ಟಿಯಲ್ಲಿ ಕನ್ನಡ ಇದೆ.

ಆದರೆ ಎಂಥ ಕನ್ನಡ? ಕಾನೂನಿನ ಇಂಗ್ಲಿಷನ್ನು ಯಂತ್ರಕ್ಕೆ ಹಾಕಿ ತೆಗೆದ ಹತ್ತು ಪುಟ ಕೊಟ್ಟರೆ ಕಾಯ್ದೆಯ ಅಕ್ಷರ ಪಾಲಿಸಿದಂತಾಯಿತು, ಓದುವವರಿಗೆ ಏನೂ ತಲುಪಲಿಲ್ಲ. ಬ್ಯಾಂಕಿನ ಎಟಿಎಂ ಪರದೆಗಳಲ್ಲಿ, ರೈಲಿನ ಪ್ರಕಟಣೆಗಳಲ್ಲಿ ಅಂಥ ಕನ್ನಡವನ್ನು ನಾವು ಸಾಕಷ್ಟು ಕಂಡಿದ್ದೇವೆ. ಕನ್ನಡ ಸಂಘಟನೆಗಳು, ಪತ್ರಿಕೆಗಳು, ಸರ್ಕಾರ ಈಗಿನಿಂದಲೇ ಈ ಬಗ್ಗೆ ಒತ್ತಾಯ ಹಾಕಬೇಕು, ಗಡುವು ಮುಗಿದ ಮೇಲೆ ಅಲ್ಲ. ಆ ನೀಲಿ ಉಂಗುರದ ಪಕ್ಕ ಇಷ್ಟು ಬರೆಯಲು ಯಾವ ಕಂಪನಿಗೂ ಕಷ್ಟವಿಲ್ಲ: ಇಲ್ಲಿ ನೀವು ಬರೆದದ್ದು ನಮಗೆ ಕಾಣುತ್ತದೆ, ಅದನ್ನು ನೋಡಿ ನಿಮಗೆ ಜಾಹೀರಾತು ತೋರಿಸಬಹುದು, ಬೇಡವಾದರೆ ಇಲ್ಲಿ ಒತ್ತಿ.